ಸೆಕೆಂಡ್ ಹ್ಯಾಂಡ್ ಕ್ಯಾರವಾನ್: ವಿಜಯಪುರದ ಬಿಸಿಲಿಗೆ, ಧೂಳಿಗೆ ಹೇಗಿದೆ?

ನಮ್ಮದು ಟೆಂಪೋ ಟ್ರಾವೆಲರ್ ಬಾಡಿಯಲ್ಲಿ ಮಾಡಿಸಿದ ಕ್ಯಾರವಾನ್, ಅಂದರೆ ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಎಲ್ಲಾ ಒಳಗೇ ಇರೋ ಗಾಡಿ. ಬೆಳಗಾವಿಯಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ತಗೊಂಡು ವಿಜಯಪುರಕ್ಕೆ ತಂದಿದ್ದು. ಬೇಸಿಗೆ, ಮಳೆಗಾಲ, ಚಳಿ ಎಲ್ಲಾ ಅದರಲ್ಲೇ ಮಲಗಿ ನೋಡಿದ ಮೇಲೆ ಬರೀತಿದ್ದೇನೆ. ಗಾಡಿ ಚೆನ್ನಾಗಿದೆ. ಆದರೆ ಮಾರುವವರು ಹಲ್ಲು ಕಿರಿದು ತೋರಿಸುವ ಟಿವಿ, ಬಣ್ಣದ ಲೈಟು, ಸೋಫಾ ಯಾವುದೂ ನಮ್ಮ ಕಡೆ ಲೆಕ್ಕಕ್ಕೆ ಬರಲ್ಲ. ಇಲ್ಲಿ ನೋಡಬೇಕಾದ್ದು ಛಾವಣಿ, ಬಾಗಿಲ ರಬ್ಬರ್ ಮತ್ತು ಬ್ಯಾಟರಿ.

ಮೊದಲು ಕಾಗದಪತ್ರ. ಸೀಟು ಕಿತ್ತು ಹಾಸಿಗೆ ಹಾಕಿದ ಮಾತ್ರಕ್ಕೆ ಅದು ಕ್ಯಾರವಾನ್ ಆಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರೋದೇ ಗಾಡಿ ಮಾರ್ಪಾಡಿನ ಬಗ್ಗೆ, ಮಾರ್ಪಾಡು ಆರ್‌ಸಿಯಲ್ಲಿ ದಾಖಲಾಗಿರಬೇಕು. ಮೋಟಾರ್ ಕ್ಯಾರವಾನ್‌ಗೆ ಎಐಎಸ್ 124 ಅಂತ ಬೇರೆ ಮಾನದಂಡವೇ ಇದೆ. ನಾವು ನೋಡಿದ ಒಂದು ಗಾಡಿಯ ಆರ್‌ಸಿಯಲ್ಲಿ ಇನ್ನೂ ಹದಿಮೂರು ಸೀಟು ಅಂತಲೇ ಇತ್ತು, ಒಳಗೆ ಇಣುಕಿದರೆ ಅಡುಗೆಮನೆ! ನಾಳೆ ಅಪಘಾತ ಆದರೆ ಇನ್ಶೂರೆನ್ಸ್‌ನವರು ಸುಮ್ನೆ ಬಿಡ್ತಾರಾ? ಇನ್ನೊಂದು, ಸೋಲಾಪುರ, ಕೊಲ್ಹಾಪುರ ಕಡೆಯ ಎಂಎಚ್ ಪಾಸಿಂಗ್ (ಮಹಾರಾಷ್ಟ್ರ ನೋಂದಣಿಯ) ಗಾಡಿ ಅಗ್ಗಕ್ಕೆ ಸಿಕ್ಕರೆ ಗಡಿಯಲ್ಲಿರೋ ನಮಗೆ ಆಸೆ ಆಗುತ್ತೆ, ಆದರೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಟ್ಯಾಕ್ಸ್ ಕಟ್ಟುವಷ್ಟರಲ್ಲಿ ಉಳಿದ ದುಡ್ಡು ಖಾಲಿ. ನಮ್ಮದು ಕೆಎ-22, ಬೆಳಗಾವಿ ನೋಂದಣಿ, ಆ ತಲೆನೋವು ಇರಲಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಓದಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಕ್ಯಾರವಾನ್‌ಗಳು ಓಡೋದಕ್ಕಿಂತ ನಿಲ್ಲೋದೇ ಜಾಸ್ತಿ. ಗ್ರಿಪ್ ಹೊಸದರಂತೆ ಕಂಡರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತೆ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ಅಂದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಒಂದು ಮಧ್ಯಾಹ್ನ ಒಳಗೆ ಕಾಲಿಟ್ಟ ನಮ್ಮವ್ವ, “ಇದು ಮನಿ ಅಲ್ಲೋ ತಮ್ಮಾ, ರೊಟ್ಟಿ ಹಂಚು” ಅಂದವಳೇ ಇಳಿದು ಹೋಗಿ ಬೇವಿನ ಮರದ ಕೆಳಗೆ ಕೂತಳು. ಛಾವಣಿ ಬಿಚ್ಚಿಸಿದೆ. ಮೇಲಿನ ತಗಡಿಗೂ ಒಳಗಿನ ಶೀಟಿಗೂ ನಡುವೆ ಏನೂ ಇಲ್ಲ, ಬರೀ ಗಾಳಿ! ಒಂದು ಇಂಚು ದಪ್ಪದ ಶಾಖ ತಡೆಯೋ ನೈಟ್ರೈಲ್ ರಬ್ಬರ್ ಶೀಟ್ ಅಂಟಿಸಿ, ಮೇಲೆ ಬಿಳಿ ಬಣ್ಣ ಹೊಡೆಸಿ, ಬಿಸಿ ಗಾಳಿ ಹೊರಗೆ ಎಳೆಯೋಕೆ 12 ವೋಲ್ಟಿನ ಫ್ಯಾನ್ ಕೂರಿಸಿದ ಮೇಲೆ ಈಗ ಸಂಜೆ ಆರಕ್ಕೆಲ್ಲ ಒಳಗೆ ಕೂರೋ ಹಾಗಾಗಿದೆ. ಈ ಗಾಡಿಗೆ ಹಾಕಿದ ದುಡ್ಡಲ್ಲಿ ಸಾರ್ಥಕ ಅನಿಸಿದ್ದು ಇದೇ.

ಎಸಿ ಇಲ್ವಾ ಅಂತ ಎಲ್ಲರೂ ಕೇಳ್ತಾರೆ. ಇದೆ. ಲೆಕ್ಕ ನೋಡಿ: 12 ವೋಲ್ಟ್, 200 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿಯಲ್ಲಿ ಹಿಡಿಯೋದು ಸುಮಾರು ಎರಡೂವರೆ ಯೂನಿಟ್ ಕರೆಂಟ್. ಒಂದು ಟನ್ ಎಸಿ ಗಂಟೆಗೆ ಒಂದು ಯೂನಿಟ್ ಆಸುಪಾಸು ಎಳೆಯುತ್ತೆ. ಎರಡು ಗಂಟೆ ಆಯ್ತು, ಬ್ಯಾಟರಿ ಮಲಗಿತು. ಮಾರುವವರು “ರಾತ್ರಿಯೆಲ್ಲ ಎಸಿ ಓಡುತ್ತೆ ಸರ್” ಅಂದರೆ ನಕ್ಕು ಸುಮ್ಮನಾಗಿ. ಎಸಿ ಏನಿದ್ದರೂ ಹೋಟೆಲ್ ಆವರಣದಲ್ಲೋ ಗೆಳೆಯರ ಮನೆ ಮುಂದೋ ಪ್ಲಗ್ ಸಿಕ್ಕಾಗ. ಫ್ಯಾನ್ ಮಾತ್ರ ರಾತ್ರಿ ಪೂರ್ತಿ ತಿರುಗಿದರೂ ಕಾಲು ಯೂನಿಟ್. ಮೇಲಿರೋ 400 ವ್ಯಾಟಿನ ಸೋಲಾರ್ ಒಳ್ಳೆ ಬಿಸಿಲಿಗೆ ದಿನಕ್ಕೆ ಒಂದೂವರೆ ಯೂನಿಟ್ ಕೊಡುತ್ತೆ, ಚಿಕ್ಕ ಫ್ರಿಜ್ ಮತ್ತು ಫ್ಯಾನಿಗೆ ಧಾರಾಳ. ಧೂಳು ಒರೆಸಬೇಕು ಅಷ್ಟೇ.

ಧೂಳು ಅಂದೆ. ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರ್ ಅಷ್ಟೇ. ಅಲ್ಲಿ ಇಳಿದು ಊಟಕ್ಕೆ ಅಂತ ಮುಚ್ಚಿದ ಡ್ರಾಯರ್ ಎಳೆದರೆ ಸ್ಟೀಲ್ ತಟ್ಟೆಗಳ ಮೇಲೆ ಕೆಂಪು ಪುಡಿ, ಬೆರಳಲ್ಲಿ ಹೆಸರು ಬರೆಯಬಹುದು. ಕಡಕ್ ರೊಟ್ಟಿ ಕಟ್ಟಿಟ್ಟ ಬಟ್ಟೆಯ ಮಡಿಕೆಯಲ್ಲೂ ಅದೇ. ಧೂಳು ಬರ್ತಿದ್ದದ್ದು ಹಿಂದಿನ ಬಾಗಿಲ ಕೆಳಗಿನ ಮೂಲೆಯಿಂದ. ಹುಡುಕೋದು ಸುಲಭ: ಕತ್ತಲಾದ ಮೇಲೆ ಒಳಗಿನ ಲೈಟೆಲ್ಲ ಹಾಕಿ ಬಾಗಿಲು ಮುಚ್ಚಿ, ಹೊರಗಿಂದ ಸುತ್ತು ಹಾಕಿ. ಎಲ್ಲಿ ಬೆಳಕಿನ ಗೆರೆ ಕಾಣುತ್ತೋ ಅಲ್ಲಿ ಹೊಸ ರಬ್ಬರ್ ಬೀಡಿಂಗ್. ಕೊಳ್ಳೋಕೆ ಹೋದಾಗಲೂ ಸಂಜೆ ಹೊತ್ತಿಗೆ ಹೋಗಿ, ಇದನ್ನೇ ಮಾಡಿ. ವಾಷಿಂಗ್ ಸೆಂಟರ್‌ನಲ್ಲಿ ಛಾವಣಿ ಮೇಲೆ ಜೋರಾಗಿ ನೀರು ಬಿಡಿಸಿದರೆ ಸೋರಿಕೆಯೂ ಗೊತ್ತಾಗುತ್ತೆ. ಖಾನಾಪುರ, ಚೋರ್ಲಾ ಘಾಟಿನ ಮಳೆಯಲ್ಲಿ ಗೊತ್ತಾಗೋದಕ್ಕಿಂತ ಅದು ವಾಸಿ.

ಗಾಡಿ ಮಾಡಿಕೊಟ್ಟ ವರ್ಕ್‌ಶಾಪ್ ಮೇಲೆ ನನಗೆ ಸಿಟ್ಟಿರೋದು ಪ್ಲೈವುಡ್ ವಿಷಯಕ್ಕೆ. ಸಿಂಕ್ ಕೆಳಗೆ ಸಾದಾ ಪ್ಲೈ ಹಾಕಿದ್ದಾರೆ, ಒಂದೇ ಮಳೆಗಾಲಕ್ಕೆ ಉಬ್ಬಿ ಪದರ ಪದರ ಎದ್ದು ಬಂತು. ಫೋನ್ ಮಾಡಿದರೆ “ನೀವು ಫಸ್ಟ್ ಓನರ್ ಅಲ್ವಲ್ಲ” ಅಂತಾರೆ. ಮಾಡಿಸುವವರು ಐಎಸ್ 710 ಮುದ್ರೆ ಇರೋ, ನೀರು ತಡೆಯೋ ಮರೈನ್ ಪ್ಲೈಯನ್ನೇ ಕೇಳಿ, ಮುದ್ರೆ ಕಣ್ಣಾರೆ ನೋಡಿ. ಒಲೆಗೆ ನಾವು 5 ಕೆಜಿಯ ಸಿಲಿಂಡರ್ ಇಟ್ಟಿದ್ದೇವೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತೆ, ಹಾಗಾಗಿ ಸಿಲಿಂಡರ್ ಕಪಾಟಿನ ತಳದಲ್ಲಿ ಹೊರಗೆ ಹೋಗುವ ತೂತು ಇರಲೇಬೇಕು.

ಸಾಮಾನು, ನೀರು ಎಲ್ಲಾ ತುಂಬಿದ ಮೇಲೆ ಒಮ್ಮೆ ಕಾಟಾ ಮಾಡಿಸಿ, ಅಂದರೆ ಗಾಡಿ ಸಮೇತ ತೂಕ ಹಾಕಿಸಿ. ಕಬ್ಬಿನ ಸೀಮೆಯಲ್ಲಿ ಕಾಟಾಕ್ಕೇನು ಬರ? ನೂರು ಲೀಟರ್ ನೀರು ಅಂದರೆ ನೂರು ಕೆಜಿ, ಅದು ಹಿಂದಿನ ಆಕ್ಸಲ್ ಆಚೆ ಕೂತಿದ್ದರೆ ಸ್ಟೀರಿಂಗ್ ಹಗುರಾಗಿ ಹಿಡಿತ ಕಡಿಮೆಯಾಗುತ್ತೆ. ಕಬ್ಬಿನ ಮಾತು ಬಂತಲ್ಲ, ಸೀಸನ್‌ನಲ್ಲಿ ಮುಧೋಳ, ಜಮಖಂಡಿ ಕಡೆ ಕತ್ತಲಾದ ಮೇಲೆ ಓಡಿಸಬೇಡಿ. ಹಿಂದೆ ಒಂದು ಲೈಟೂ ಇಲ್ಲದ ಟ್ರೇಲರ್‌ಗಳು ರಸ್ತೆ ಮಧ್ಯೆಯೇ ಹೋಗ್ತಿರುತ್ತವೆ.

ನಿಲ್ಲಿಸೋಕೆ ಜಾಗ ಕಷ್ಟ ಅಲ್ಲ. ಕೂಡಲಸಂಗಮದಲ್ಲಿ ಆರಾಮಾಗಿ ನಿದ್ದೆ ಬಂತು, ದಾರಿಯಲ್ಲಿ ಪೆಟ್ರೋಲ್ ಬಂಕಿನವರನ್ನು ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನಲ್ಲ. ಆದರೆ ಎರೆ ಹೊಲದ ಅಂಚಿಗೆ ಮಾತ್ರ ಇಳಿಸಬೇಡಿ, ರಾತ್ರಿ ಒಂದು ಮಳೆ ಬಿದ್ದರೆ ಬೆಳಿಗ್ಗೆ ಟ್ರ್ಯಾಕ್ಟರ್ ಹುಡುಕಬೇಕು. ಬಾದಾಮಿಯಲ್ಲಿ ಮಂಗಗಳದ್ದೇ ರಾಜ್ಯ, ಛಾವಣಿ ಕಿಂಡಿಯ ಸೊಳ್ಳೆ ಪರದೆ ಹರಿದು ಬಾಳೆಹಣ್ಣಿನ ಗೊನೆ ಎತ್ತಿಕೊಂಡು ಹೋದವು. ಈಗ ಅಲ್ಲಿ ಕಬ್ಬಿಣದ ಜಾಳಿಗೆ ಇದೆ.

ಇಷ್ಟೆಲ್ಲ ಗೊಣಗಿದರೂ ಮಾರೋ ಯೋಚನೆ ಇಲ್ಲ. ಕಾರಣ ಅವ್ವ. ಮೊಣಕಾಲು ನೋವಿಗೆ ಅವಳು ಪ್ರಯಾಣವನ್ನೇ ಬಿಟ್ಟಿದ್ದಳು, ಎಲ್ಲಿ ಹೋದರೂ ಕಮೋಡ್ ಇರುತ್ತೋ ಇಲ್ವೋ ಅನ್ನೋ ಚಿಂತೆ. ಈಗ ಬನಶಂಕರಿ ಜಾತ್ರೆಗೆ ಅವಳೇ ಮೊದಲು ರೆಡಿ. ಗಾಡಿಯ ಟಾಯ್ಲೆಟ್ ಟ್ಯಾಂಕ್ 20 ಲೀಟರಿನದು, ಖಾಲಿ ಮಾಡೋ ಕೆಲಸ ನನ್ನದು, ಆ ವರ್ಣನೆ ಬೇಡ ಬಿಡಿ. ಬಾಗಿಲ ಮೊದಲ ಮೆಟ್ಟಿಲು ಅವಳಿಗೆ ಎತ್ತರ ಆಗ್ತಿತ್ತು, ವೆಲ್ಡಿಂಗ್ ಅಂಗಡಿಯಲ್ಲಿ ಮಡಚುವ ಕಬ್ಬಿಣದ ಮೆಟ್ಟಿಲು ಮಾಡಿಸಿದೆ. ಪಕ್ಕಕ್ಕೆ ಒಂದು ಹಿಡಿಕೆ ಕೂರಿಸೋದು ಇನ್ನೂ ಬಾಕಿ ಇದೆ.