ಪದದ ಬೇರು ತೋರಿಸುವ ಡಿಕ್ಷನರಿ ಆ್ಯಪ್: 'ಡೈವರ್ಸಿಟಿ' ಹುಡುಕಿ ನೋಡಿದೆ

ಈ ಆ್ಯಪ್ ಎರಡು ತಿಂಗಳಿಂದ ಬಳಸುತ್ತಿದ್ದೇನೆ, ತುಂಬಾ ಇಷ್ಟವಾಗಿದೆ. ಮೊನ್ನೆ ಸುಮ್ನೆ 'ಡೈವರ್ಸಿಟಿ' ಅಂತ ಹುಡುಕಿದೆ. ವೈವಿಧ್ಯ ಅನ್ನೋ ಅರ್ಥ ಗೊತ್ತಿದ್ದದ್ದೇ, ಆದರೆ ಕೆಳಗೆ ಪದದ ಬೇರು ತೋರಿಸುವ ಭಾಗ ಇದೆಯಲ್ಲ, ಅಲ್ಲೇ ಅರ್ಧ ಗಂಟೆ ಕಳೆದುಹೋಯ್ತು. ಲ್ಯಾಟಿನ್‌ನಲ್ಲಿ 'ಡಿಸ್' ಅಂದರೆ ಬೇರೆ ಬೇರೆಯಾಗಿ, 'ವರ್ಟೆರೆ' ಅಂದರೆ ತಿರುಗಿಸುವುದು. ಎರಡೂ ಸೇರಿ 'ಡಿವರ್ಸುಸ್', ಅಂದರೆ ಬೇರೆ ಬೇರೆ ಕಡೆಗೆ ತಿರುಗಿದ್ದು. ಅದರಿಂದ 'ಡಿವರ್ಸಿಟಾಸ್' ಹುಟ್ಟಿ, ಹಳೆಯ ಫ್ರೆಂಚ್ ಮೂಲಕ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ರಸ್ತೆಯಲ್ಲಿ ಕಾಣುವ ಡೈವರ್ಷನ್ ಬೋರ್ಡು, ಕೋರ್ಟಿನ ಡೈವೋರ್ಸು, ಎರಡೂ ಇದೇ ಬೇರಿನವು! ಯೂನಿವರ್ಸ್ ಅಂದರೆ ಒಂದಾಗಿ ತಿರುಗಿದ್ದು. ಎಷ್ಟು ಚೆಂದ ಅಲ್ವಾ?

ಒಂದು ಕೊರತೆ ಇದೆ. ನಮ್ಮ 'ಪರಿವರ್ತನೆ', 'ಆವರ್ತನ' ಪದಗಳಲ್ಲಿರುವ ಸಂಸ್ಕೃತದ 'ವೃತ್' ಧಾತು ಕೂಡ ಈ 'ವರ್ಟೆರೆ'ಗೆ ನೆಂಟ. ಆ ಸಂಬಂಧ ಇಲ್ಲಿ ಕೊಟ್ಟೇ ಇಲ್ಲ, ಕೊಟ್ಟಿದ್ದರೆ ನಮ್ಮಂಥವರಿಗೆ ಪದ ಇನ್ನೂ ಬೇಗ ಮನಸ್ಸಿಗೆ ಹತ್ತುತ್ತಿತ್ತು. ಜಾಹೀರಾತು ಸ್ವಲ್ಪ ಜಾಸ್ತಿ. ಆದರೂ 5ಕ್ಕೆ 4 ಕೊಡುತ್ತೇನೆ.