ಶಿರಸಿಯ ಝೆರಾಕ್ಸ್ ಅಂಗಡಿಯಲ್ಲಿ ಮರಿಯಾ ಶಿಮಾನೋವ್‌ಸ್ಕಾ

ಮನೆಯಲ್ಲಿ ಏಳೆಂಟು ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತೇನೆ. ಪೋಲೆಂಡಿನ ಹಳೇ ಪಿಯಾನೋ ವಾದಕಿ ಶಿಮಾನೋವ್‌ಸ್ಕಾಳ ಪಿಯಾನೋ ರಚನೆಗಳನ್ನು ಪುಸ್ತಕ ಮಾಡಿಸಲು ಶಿರಸಿ ಪೇಟೆ ಪೂರ್ತಿ ಸುತ್ತಿದೆ. ಕೊನೆಗೆ ಕೆಲಸ ಆದದ್ದು ಸಿ.ಪಿ. ಬಜಾರ್ ಹತ್ತಿರದ ಓಣಿಯ ಸಣ್ಣ ಅಂಗಡಿಯಲ್ಲಿ.

ಬೇರೆ ಕಡೆ ಮಾಡಿಸಿದ್ದು ಹಾಳಾಗಿತ್ತು. ಸ್ಪೈರಲ್ಲಿಗೆ ತೂತು ಹೊಡೆಯುವಾಗ ಎಡಬದಿಯಲ್ಲಿ ಸ್ವರಗಳ ಜಾಗ ತಿಳಿಸುವ ಕ್ಲೆಫ್ ಚಿಹ್ನೆ, ಅದರ ಪಕ್ಕದಲ್ಲಿ ಸ್ವರವನ್ನು ಅರ್ಧ ಇಳಿಸುವ ಎರಡು ಫ್ಲ್ಯಾಟ್ ಗುರುತು ಎಲ್ಲ ತೂತಿನ ಪಾಲಾದವು. ಅವಳ ಒಂದು ನಾಕ್ಟರ್ನ್, ಅಂದರೆ ರಾತ್ರಿಯ ಭಾವದ ರಚನೆ, ಎರಡು ಫ್ಲ್ಯಾಟ್ ಇರುವ ಬಿ ಫ್ಲ್ಯಾಟ್ ಮೇಜರ್ ಶ್ರೇಣಿಯದು. ಆ ಎರಡು ಗುರುತು ಕಾಣದಿದ್ದರೆ ಕಲಿಯುವ ಮಗು ಕರಿ ಮನೆ ಬಿಟ್ಟು ಬಿಳಿ ಮನೆ ಒತ್ತುತ್ತದೆ.

ಈ ಅಂಗಡಿಯ ಹುಡುಗ ಪೆನ್‌ಡ್ರೈವ್ ಹಾಕಿ ಮೊದಲ ಪುಟ ನೋಡಿದವನೇ, “ಅಕ್ಕಾ, ಎಡಗಡೆ ಜಾಗ ಸಾಲೂದಿಲ್ಲ, ಸ್ವಲ್ಪ ಸಣ್ಣ ಮಾಡ್ಲಾ?” ಅಂದ. ಶೇಕಡಾ 93ಕ್ಕೆ ಇಳಿಸಿ ಒಂದು ಹಾಳೆ ತೆಗೆದು ಕೈಗೆ ಕೊಟ್ಟ. ಹಳೇ ಮುದ್ರಣದ ಸ್ಕ್ಯಾನ್, ಐದು ಗೆರೆಗಳೂ ಮಸುಕು. ಕಪ್ಪು ಒಂದೊಂದೇ ಹಂತ ಏರಿಸುತ್ತ ಹೋದ. ಜಾಸ್ತಿಯಾದರೆ ಉದ್ದ ಸ್ವರದ ಖಾಲಿ ಬೊಟ್ಟೂ ಗಿಡ್ಡ ಸ್ವರದ ತುಂಬಿದ ಬೊಟ್ಟೂ ಒಂದೇ ಆಗಿಬಿಡುತ್ತವೆ, ತಾಳವೇ ಕೆಡುತ್ತದೆ. ನಾನು ಬಾಯಿ ಬಿಡುವ ಮೊದಲೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ನಿಲ್ಲಿಸಿದ. ಸ್ವರಲಿಪಿ ಓದಲು ಬಾರದವನ ಕಣ್ಣು ಅದು!

ಮಷಿನ್ ಓಡುವಾಗ “ಬರೆದವರು ಯಾರು?” ಅಂತ ಕೇಳಿದ. ಹೇಳಿದೆ. 1789ರಲ್ಲಿ ವಾರ್ಸಾದಲ್ಲಿ ಹುಟ್ಟಿದವಳು, ಪೋಲೆಂಡಿನ ಹೆಸರಾಂತ ಪಿಯಾನೋ ಸಂಯೋಜಕ ಶೋಪಾನನಿಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವಳು. 1820ರಲ್ಲಿ ಗಂಡನಿಂದ ಬೇರೆಯಾದಳು. ಮೂರು ಮಕ್ಕಳನ್ನು ಬೆಳೆಸಿದ್ದು ಪಿಯಾನೋ ನುಡಿಸಿಯೇ. ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್ ತಿರುಗಿ ಕಛೇರಿ ಕೊಟ್ಟಳು. 1823ರಲ್ಲಿ ಬೊಹೀಮಿಯಾದ ಮರೀನ್‌ಬಾಡ್ ಊರಿನಲ್ಲಿ ಅವಳ ವಾದನ ಕೇಳಿದ ಜರ್ಮನ್ ಕವಿ ಗಯಟೆ, ಎಪ್ಪತ್ತು ದಾಟಿದ ಮುದುಕ, ಅವಳಿಗಾಗಿ ಕವಿತೆಯನ್ನೇ ಬರೆದ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮನೆ ಮಾಡಿದ ಮೇಲೆ 1831ರಲ್ಲಿ ಕಾಲರಾ ಬಂತು. ತೀರಿಕೊಂಡಾಗ ಅವಳಿಗೆ 41.

“ಮಕ್ಕಳು?” ಅಂದ. ಮಗಳು ಸೆಲಿನಾ ಮುಂದೆ ಪೋಲೆಂಡಿನ ಮಹಾಕವಿ ಮಿತ್ಸ್ಕೆವಿಚ್‌ನನ್ನು ಮದುವೆಯಾದಳು ಅಂದೆ. ಅವನಿಗೂ ಸಮಾಧಾನವಾಯಿತು.

ನನಗೆ ಪ್ರೀತಿಯವು ಅವಳ 24 ಮಜುರ್ಕಾ. ಮೂರೆಣಿಕೆಯ ಪೋಲಿಷ್ ಕುಣಿತ. ಒತ್ತು ಮೊದಲನೇ ಎಣಿಕೆಯಲ್ಲಿ ನಿಲ್ಲದೆ ಎರಡಕ್ಕೋ ಮೂರಕ್ಕೋ ಜಾರುತ್ತದೆ. ಶೋಪಾನನ ಆಳ ಇವುಗಳಲ್ಲಿಲ್ಲ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹತ್ತು ವರ್ಷದ ಮಗುವಿನ ಬೆರಳಿಗೂ ದಕ್ಕುವಷ್ಟು ಸರಳವಾಗಿ ಬರೆದು, ಆ ಜಾರುವ ಒತ್ತನ್ನು ಉಳಿಸಿಕೊಳ್ಳುವುದು ಸಣ್ಣ ಕೆಲಸವಲ್ಲ. ನುಡಿಸುವವರು ನಡುವೆ ಪುಟ ತಿರುಗಿಸಬೇಕಾಗದಂತೆ ಅಂಗಡಿಯ ಹುಡುಗ ಅವನ್ನೆಲ್ಲ ಜೋಡಿಸಿಕೊಟ್ಟ.

ಹಾಳೆ 100 ಜಿಎಸ್ಎಂನದು, ನಮ್ಮ ಮಳೆಗಾಲಕ್ಕೆ ಅದಕ್ಕಿಂತ ತೆಳು ಬೇಡ. 46 ಮಗ್ಗುಲಿಗೆ ಮೂರು ರೂಪಾಯಿಯಂತೆ 138, ಸ್ಪೈರಲ್ಲಿಗೆ 50. ಕರೆಂಟು ಹೋಗಿ ಒಂದು ತಾಸು ಕಾಯಬೇಕಾಯಿತು. ಹಿಂದಿನ ರಟ್ಟು ಮಾತ್ರ ಬಹಳ ಮೆದು, ಸ್ಟ್ಯಾಂಡಿನ ಮೇಲೆ ಬಾಗುತ್ತದೆ. ಗಟ್ಟಿ ರಟ್ಟು ಬೇಕು ಅಂತ ಮೊದಲೇ ಹೇಳಿ. ಸಂಜೆ ಕಾಲೇಜು ಮಕ್ಕಳ ರಶ್ ಇರುತ್ತದೆ, ಬೆಳಿಗ್ಗೆ ಹತ್ತರೊಳಗೆ ಹೋಗುವುದು ಒಳ್ಳೆಯದು.