ಆನ್‌ಲೈನ್ ಎಂ.ಎ. ಎಜುಕೇಶನ್, ಗಣಿತ ಬೋಧನೆ: ಮುಗಿಸಿ ಒಂದ್ ವರ್ಷ ಆದಮ್ಯಾಗ ನನ್ನ ರಿವ್ಯೂ

ಮೊದ್ಲೇ ಹೇಳಿಬಿಡ್ತೀನಿ, 5ಕ್ಕ 3 ಸ್ಟಾರ್. ಆ ಮೂರೂ ಒಂದೇ ಪೇಪರಿನ ಸಲುವಾಗಿ ಕೊಟ್ಟೀನಿ ಅಂತ ತಿಳೀರಿ.

ನಾ ಇರೋದು ಕಲಬುರಗಿದಾಗ, ನನ್ನ ಸಾಲಿ ಇರೋದು ವಾಡಿ ಹತ್ರ ಒಂದ್ ಹಳ್ಳ್ಯಾಗ, ಹೈಸ್ಕೂಲ್ ಗಣಿತ ಮಾಸ್ತರ್, ದಿನಾ ಟ್ರೇನಿನಾಗ ಹೋಗಿ ಬರೋದು. ಬಿ.ಎಡ್. ಆಗಿ 11 ವರ್ಷ ಸರ್ವಿಸ್ ಆಗಿತ್ತು, ಮುಂದ ಓದ್ಬೇಕು ಅಂತ ತಲ್ಯಾಗ ಹೊಕ್ಕಿತ್ತು, ಆದ್ರ ರಜಾ ಹಾಕಿ ರೆಗ್ಯುಲರ್ ಮಾಡೋ ಪರಿಸ್ಥಿತಿ ಮನ್ಯಾಗ ಇರ್ಲಿಲ್ಲ, ಅದಕ್ಕ 2022ರ ಜುಲೈ ಬ್ಯಾಚಿಗೆ ಆನ್‌ಲೈನ್ ಸೇರ್ದೆ. ಯಾವ ಯುನಿವರ್ಸಿಟಿ ಅಂತ ಹೇಳಂಗಿಲ್ಲ, ಇನ್‌ಬಾಕ್ಸಿಗೆ ಬಂದು ಕೇಳಬ್ಯಾಡ್ರಿ.

ಸೇರೋ ಮುಂಚೆ ಕೌನ್ಸೆಲರ್ ಅನ್ನೋರು ದಿನಕ್ಕ ನಾಕ್ ಸಲ ಫೋನ್ ಮಾಡೋರು, ಸರ್ ಸೀಟ್ ಕಡಿಮಿ ಅವ, ಇವತ್ತೇ ಕಟ್ರಿ ಅಂತ (ಆನ್‌ಲೈನ್ ಕ್ಲಾಸಿನಾಗ ಸೀಟ್ ಹೆಂಗ ಕಡಿಮಿ ಆಗ್ತಾವೋ ದೇವರೇ ಬಲ್ಲ). ರೊಕ್ಕ ಕಟ್ಟಿದ ಮರುದಿನದಿಂದ ಆ ನಂಬರ್ ಎತ್ತಿದ್ದೇ ಇಲ್ಲ. ಇದು ಎಂ.ಎಡ್. ಇದ್ದಂಗೇ ಸರ್ ಅಂತ ಬ್ಯಾರೆ ಹೇಳಿದ್ರು. ಅಲ್ಲ! ಎಂ.ಎ. ಎಜುಕೇಶನ್ ಬ್ಯಾರೆ, ಎಂ.ಎಡ್. ಬ್ಯಾರೆ, ಬಿ.ಎಡ್. ಎಂ.ಎಡ್. ಎರಡೂ ಪೂರಾ ಆನ್‌ಲೈನ್ ಮಾಡ್ಲಿಕ್ಕೆ ಬರಂಗಿಲ್ಲ, ಯಾರರ ಮಾಡಿಸ್ತೀವಿ ಅಂದ್ರ ಅಲ್ಲೇ ಫೋನ್ ಇಟ್ಟುಬಿಡ್ರಿ. ಯುಜಿಸಿ (ಯುನಿವರ್ಸಿಟಿಗಳ ಮ್ಯಾಗಿನ ಕೇಂದ್ರದ ಆಯೋಗ) ಪರ್ಮಿಷನ್ ಇದ್ದ ಆನ್‌ಲೈನ್ ಡಿಗ್ರಿ ರೆಗ್ಯುಲರ್‌ಗೆ ಸಮ ಅಂತ 2022ರ ಸೆಪ್ಟೆಂಬರಿನಾಗ ಯುಜಿಸಿನೇ ಹೇಳ್ಯಾದ, ಆದ್ರ ಆ ಯುನಿವರ್ಸಿಟಿ, ಆ ಕೋರ್ಸ್, ಆ ವರ್ಷ, ಮೂರೂ ಯುಜಿಸಿ ಡೆಬ್ (ಅದರ ದೂರಶಿಕ್ಷಣ ವಿಭಾಗ) ವೆಬ್‌ಸೈಟಿನ ಲಿಸ್ಟಿನಾಗ ಅವಾ ಇಲ್ಲಾ ಅಂತ ನೀವೇ ನೋಡ್ರಿ, ಕೌನ್ಸೆಲರ್ ಕಳಿಸೋ ಸ್ಕ್ರೀನ್‌ಶಾಟ್ ನಂಬಬ್ಯಾಡ್ರಿ. 2024ರಿಂದ ಡೆಬ್ ಐಡಿ ಅಂತ ಸ್ಟೂಡೆಂಟೇ ಮಾಡಿಸ್ಕೋಬೇಕು, ನಮ್ಮ ಟೈಮಿನಾಗ ಇದಿರ್ಲಿಲ್ಲ. ಸರ್ಕಾರಿ ನೌಕರಿದಾಗ ಇದ್ರ ಇಲಾಖೆ ಪರ್ಮಿಷನ್ ಮೊದ್ಲು, ಫೀಸ್ ಆಮ್ಯಾಗ.

ಮೊದಲ ಎರಡು ಸೆಮಿಸ್ಟರ್ ಬಗ್ಗೆ ಹೇಳೋದು ಏನೂ ಇಲ್ಲ. ತತ್ವಶಾಸ್ತ್ರ, ಸಮಾಜಶಾಸ್ತ್ರ, ಮನೋವಿಜ್ಞಾನ, ಬಿ.ಎಡ್.ದಾಗ ಓದಿದ್ದೇ ಇನ್ನೊಂದ್ ಸಲ ಇಂಗ್ಲಿಷಿನಾಗ. ಸ್ಲೈಡ್ ಮ್ಯಾಗ ಇದ್ದಿದ್ದನ್ನೇ ಮೇಡಂ ಓದ್ತಾರ, ನಾ 1.5 ಸ್ಪೀಡಿಗೆ ಇಟ್ಟು ಕೇಳ್ತಿದ್ದೆ, ಶಹಾಬಾದ್ ದಾಟಿದ್ಮ್ಯಾಗ ಸಿಗ್ನಲ್ ಹೋದ್ರ ಬೇಜಾರೇನೂ ಆಗ್ತಿರ್ಲಿಲ್ಲ ಖರೆ ಹೇಳ್ಬೇಕಂದ್ರ.

ಮೂರನೇ ಸೆಮಿಸ್ಟರಿನಾಗ ಗಣಿತ ಬೋಧನೆ ಇಲೆಕ್ಟಿವ್ (ನಾವೇ ಆರಿಸ್ಕೊಳ್ಳೋ ಪೇಪರ್) ಬಂತು ನೋಡ್ರಿ, ಮೂರು ಸ್ಟಾರ್ ಕೊಟ್ಟಿದ್ದು ಇದಕ್ಕೇ. ಮೊದಲ ವಾರದ ಕೆಲಸ ಏನು, ಒಂದೂಮುಕ್ಕಾಲನ್ನ ಅರ್ಧದಿಂದ ಭಾಗಿಸ್ರಿ, ಆಮ್ಯಾಗ ಆ ಲೆಕ್ಕಕ್ಕ ಒಂದು ಕತಿ ಬರೀರಿ. ಲೆಕ್ಕ ಏನದ, ತಿರುವಿ ಗುಣಿಸಿದ್ರ ಮೂರೂವರಿ. ಕತಿನೂ ಬರ್ದೆ, ಪೌಣೆ ಎರಡು (ಒಂದೂಮುಕ್ಕಾಲು) ಕಿಲೋ ತೊಗರಿಬ್ಯಾಳಿ ಇಬ್ಬರಿಗಿ ಸಮಾ ಹಂಚಿದ್ರ ಒಬ್ಬೊಬ್ಬರಿಗಿ ಎಷ್ಟು. ಸಬ್ಮಿಟ್ ಒತ್ತೋ ಮುಂದ ಉತ್ತರ ನೋಡ್ದೆ, ಮೂರೂವರಿ. ಇದ್ದಿದ್ದೇ ಎರಡು ಕಿಲೋಕ್ಕಿಂತ ಕಡಿಮಿ, ಒಬ್ಬೊಬ್ಬರಿಗಿ ಮೂರೂವರಿ ಎಲ್ಲಿಂದ ಕೊಡ್ಲಿ? ನಾ ಬರ್ದಿದ್ದು ಎರಡರಿಂದ ಭಾಗಿಸೋ ಕತಿ, ಅರ್ಧದಿಂದ ಅಲ್ಲ. 11 ವರ್ಷ ಸಾಲ್ಯಾಗ ತಿರುವ್ರಿ ಗುಣಿಸ್ರಿ ಅಂತ ಒದರೀನಿ, ಒಂದ್ ಹುಡುಗ್ರೂ ಯಾಕ ಅಂತ ಕೇಳಿಲ್ಲ, ಕೇಳಿದ್ರ ಏನ್ ಹೇಳ್ತಿದ್ದೆ ಅಂತ ಆವತ್ತು ರಾತ್ರಿ ನಿದ್ದಿ ಬರ್ಲಿಲ್ಲ.

ಮರುದಿನ ಅವ್ವ ಬ್ಯಾಳಿ ಹಸನ ಮಾಡ್ಲಾಕತ್ತಿದ್ಲು, ಹಂಗೇ ಕೇಳ್ದೆ, ಅವ್ವಾ ಪೌಣೆ ಎರಡು ಕಿಲೋ ಬ್ಯಾಳಿ ಅರ್ಧ ಅರ್ಧ ಕಿಲೋ ಚೀಲಕ್ಕ ಹಾಕಿದ್ರ ಎಷ್ಟು ಚೀಲ ಆಗ್ತಾವ. ಮಾರಿ ಎತ್ತದೇ ಹೇಳಿದ್ಲು, ಮೂರು ತುಂಬ್ತಾವ, ನಾಕನೇದು ಅರ್ಧಾ ಆಗ್ತದ. ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ ನಮ್ಮವ್ವ.

ಇದನ್ನೇ 8ನೇ ತರಗತಿದಾಗ ಇಟ್ರ ಅರ್ಧ ಹುಡುಗ್ರು ಮೂರೂಕಾಲು ಅಂದ್ರು. ಯಾಕಂದ್ರ ಕೊನಿಗೆ ಉಳಿಯೋದು ಪಾವ್ (ಕಾಲು) ಕಿಲೋ ಅಲ್ಲಾ ಸರ್ ಅಂತಾರ. ಅವರ ಮಾತೂ ಖರೆನೇ, ಕಿಲೋ ಲೆಕ್ಕಕ್ಕ ಪಾವ್, ಚೀಲದ ಲೆಕ್ಕಕ್ಕ ಅರ್ಧ. ಎದುರು ಎರಡು ಅಳತಿ ಅವ ಅನ್ನೋದು ನಂಗೇ ಆವತ್ತು ಹೊಳೀತು, ಅದೊಂದೇ ಲೆಕ್ಕದ ಮ್ಯಾಗ ಪೂರಾ ಎರಡು ಪಿರಿಯಡ್ ಹೋದ್ವು, ಪೋರ್ಷನ್ ಹಿಂದ ಬಿತ್ತು, ಹೆಡ್‌ಮಾಸ್ತರ್ ಕಡಿಂದ ಬೈಸಿಕೊಂಡೆ. ಆಮ್ಯಾಗ ರೀಡಿಂಗಿನಾಗ ಓದ್ದೆ, ಲಿಪಿಂಗ್ ಮಾ ಅನ್ನೋ ಸಂಶೋಧಕಿ ಇದೇ ಪ್ರಶ್ನಿ ಅಮೆರಿಕದ 23 ಮಂದಿ ಟೀಚರ್‌ಗಳಿಗಿ ಕೇಳ್ಯಾರ, ಸರಿ ಕತಿ ಕಟ್ಟಿದ್ದು ಒಬ್ಬರೇ. 72 ಮಂದಿ ಚೀನಾ ಟೀಚರ್‌ಗಳೊಳಗ 65 ಮಂದಿ ಕಟ್ಟ್ಯಾರ. 1999ರಾಗ ಬಂದ ಪುಸ್ತಕ ಅದು. ಜರಾ ಸಮಾಧಾನ ಆಯ್ತು, ನಾ ಒಬ್ಬನೇ ಅಲ್ಲ ಅಂತ.

ಅವತ್ತಿನಿಂದ ತಪ್ಪು ಉತ್ತರ ಬಂದ್ರ ಕಾಟ್ ಹೊಡ್ಯೋದು ಬಿಟ್ಟೀನಿ, ಹೆಂಗ ಮಾಡ್ದಿ ಹೇಳು ಅಂತೀನಿ. ಒಬ್ಬಾಕಿ 0.35 ದೊಡ್ಡದು, 0.5 ಸಣ್ಣದು ಅಂತ ಬರ್ದಿದ್ಲು, ಕೇಳಿದ್ರ 35 ದೊಡ್ಡದಲ್ಲಾ ಸರ್ ಅಂದ್ಲು. ಪಾಯಿಂಟ್ ಆಚಿಕಡಿ ಇರೋದನ್ನ ಇನ್ನೊಂದು ಪೂರ್ಣಸಂಖ್ಯೆ ಅಂತ ಓದ್ಲಾಕತ್ತ್ಯಾಳ, ದಡ್ಡತನ ಅಲ್ಲ ಅದು, ಅಕಿಗೆ ಅಕಿದೇ ಒಂದು ನಿಯಮ ಅದ. ಇಂಥಾವು ಒಂದು ನೋಟ್‌ಬುಕ್ಕಿನಾಗ ಬರ್ಕೊಂಡು ಹೊಂಟೀನಿ, ಈಗ ಎರಡನೇದು ನಡದದ.

ಇನ್ನ ಕಟ್ ಮಾಡಿದ ಸ್ಟಾರ್. ಮೊದ್ಲು ಅಸೈನ್‌ಮೆಂಟಿಂದು ಹೇಳ್ತೀನಿ. ಬ್ರೆಜಿಲಿನ ರೆಸಿಫೆ ಊರಾಗ ಬೀದಿ ವ್ಯಾಪಾರ ಮಾಡೋ ಮಕ್ಕಳ ಮ್ಯಾಗ 1985ರ ಒಂದು ಅಧ್ಯಯನ ಅದ, ಅಂಗಡಿ ಮುಂದ ನಿಂತಾಗ 98% ಲೆಕ್ಕ ಸರಿ, ಅದೇ ಥರದ ಲೆಕ್ಕ ಕಾಗದದ ಮ್ಯಾಗ ಬರೀ ಅಂಕಿಯೊಳಗ ಕೊಟ್ರ 37%. ಭಾಳ ಹಿಡಿಸ್ತು, ನಮ್ಮೂರಾಗ ಸೂಪರ್ ಮಾರ್ಕೆಟ್ ಅನ್ನೋ ಬಜಾರಿನಾಗ ಕಾಯಿಪಲ್ಲೆ ಮಾರೋ ಒಬ್ಬ ಹುಡುಗನ್ನ ಕೂಡಿಸ್ಕೊಂಡು ನಾನೂ ಹಂಗೇ ಒಂದು ಅಸೈನ್‌ಮೆಂಟ್ ಮಾಡ್ದೆ, ಅವನು ಪಾವ್, ಸವ್ವಾ (ಒಂದೂಕಾಲು), ದೀಡ್ (ಒಂದೂವರಿ) ಅಂತ ಹೆಂಗ ಕೂಡಸ್ತಾನ ಅಂತ ಅವನ ಮಾತಿನಾಗೇ ಬರ್ದೆ. ವಾಪಸ್ ಬಂದ ರಿಮಾರ್ಕ್ ಒಂದೇ ಸಾಲು: ಇಂಗ್ಲಿಷ್ ಬಳಸಿ. 20ಕ್ಕ 11. ಸವ್ವಾ ಅನ್ನೋದಕ್ಕ ಇಂಗ್ಲಿಷಿನಾಗ ಏನಂತಾರ ಅಂತ ಮೇಲ್ ಮಾಡಿದ್ದೆ, ಇವತ್ತಿಗೂ ಉತ್ತರ ಇಲ್ಲ.

ಪರೀಕ್ಷಾ ಮನ್ಯಾಗೇ, ಕ್ಯಾಮೆರಾ ಮುಂದ. ರೂಮ್ ಸುತ್ತಾ ತಿರುಗಿಸಿ ತೋರಿಸ್ಬೇಕು, ಯಾರೂ ಬರಬಾರ್ದು, ಆಜೂಬಾಜೂ ನೋಡ್ಬಾರ್ದು. ಮೇ ತಿಂಗಳ ನಮ್ಮ ಕಡಿ ಬಿಸಲು ಹೇಳೋದೇ ಬ್ಯಾಡ, ಫ್ಯಾನ್ ಸಪ್ಪಳಾ ಮೈಕಿಗೆ ಬರ್ತದ ಅಂತ ವಾರ್ನಿಂಗ್ ಬಂತು, ಫ್ಯಾನ್ ಆರಿಸಿ ಬೆವರು ಒರಸ್ಕೋತ ಬರೀಲಾಕತ್ತಿದ್ರ ಕರೆಂಟೇ ಹೋಯ್ತು. ರೌಟರ್ ಬಂದ್, 12 ನಿಮಿಷ ಪರೀಕ್ಷಾದಿಂದ ಹೊರಗ ಬಿದ್ದೆ, ಅಷ್ಟರಾಗ ಪೇಪರ್ ತಾನೇ ಸಬ್ಮಿಟ್ ಆಗಿತ್ತು. ಹೆಲ್ಪ್‌ಡೆಸ್ಕಿಗೆ ಟಿಕೆಟ್ ಹಾಕಿ, ಫಾಲೋಅಪ್ ಮಾಡಿ ಮಾಡಿ ಸಾಕಾಗಿ, ಮುಂದಿನ ಸಲ ಮತ್ತ ಫೀಸ್ ಕಟ್ಟಿ ಬರ್ದೆ. ರೌಟರಿಗೆ ಸಣ್ಣ ಯುಪಿಎಸ್ ಬರ್ತದ, ಸೇರೋ ದಿನನೇ ತಗೊಂಡುಬಿಡ್ರಿ.

ಪಗಾರ ಹೆಚ್ಚಾಯ್ತಾ ಅಂತ ಎಲ್ಲಾರೂ ಕೇಳ್ತಾರ. ಇಲ್ಲ.

ಯಾರಿಗಿ ಬೇಕು ಅಂದ್ರ, ನಾಳೆ ಮುಂಜಾನೆ ಎದುರು ಒಂದು ಕ್ಲಾಸ್ ಇರೋರಿಗಿ. ನನ್ನ ಬ್ಯಾಚಿನಾಗ ಪಾಠ ಮಾಡದೇ ಬರೀ ಡಿಗ್ರಿಗಂತ ಬಂದವರಿಗಿ ಆ ಇಲೆಕ್ಟಿವ್‌ನೂ ಬಾಕಿ ಪೇಪರಿನಂಗೇ ಬೇಜಾರಾಗಿತ್ತು, ಬ್ಯಾಳಿ ಲೆಕ್ಕ ಯಾರ ಮುಂದ ಇಡ್ಬೇಕು ಪಾಪ. ಬರೀ ಓದೋ ಹುಕಿ ಇದ್ರ ಅಜೀಂ ಪ್ರೇಮ್‌ಜಿ ಯುನಿವರ್ಸಿಟಿದು ಅಟ್ ರೈಟ್ ಆಂಗಲ್ಸ್ ಅನ್ನೋ ಗಣಿತ ಪತ್ರಿಕೆ ಪುಗಸಟ್ಟೆ ಸಿಗ್ತದ, ಎನ್‌ಸಿಎಫ್ (ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು) 2005ರ ಗಣಿತ ಬೋಧನೆ ಪೊಸಿಷನ್ ಪೇಪರೂ ನೆಟ್ಟಿನಾಗ ಅದ, ಅವು ಮೊದ್ಲು ಓದಿ ನೋಡ್ರಿ, ರೊಕ್ಕ ಆಮ್ಯಾಗ.

ಹಾಂ, ಇನ್ನೊಂದು. ರಿಸಲ್ಟ್ ಬಂದು ಆರು ತಿಂಗಳಿಗೆ ನನ್ನ ಲಾಗಿನ್ ಬಂದ್ ಮಾಡಿದ್ರು. ಮೂರನೇ ಸೆಮಿಸ್ಟರಿನ ರೀಡಿಂಗ್ ಪಿಡಿಎಫ್ ಎಲ್ಲಾ ಮೊದ್ಲೇ ಇಳಿಸಿ ಇಟ್ಕೊಂಡಿದ್ದೆ, ಬಚಾವಾದೆ.